ನೆಲದೊಳಗಣ ಗರಿಕೆ

(ಶ್ರಾವಣ ಮಾಸದ ಪ್ರವಚನಮಾಲೆಯ ಅಂಗವಾಗಿ ಹೆಬ್ರಿಯಲ್ಲಿ ನಡೆದ ಸಭೆಯಲ್ಲಿ ಪರಮಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನದ ಬರಹರೂಪ)



ನಿನ್ನೆಯ ದಿವಸ ನಾವು ಆಗುಂಬೆಯ ಘಟ್ಟವನ್ನಿಳಿದು ನಿಮ್ಮ ಊರಿಗೆ ಬಂದೆವು. ಹದಿನಾಲ್ಕು ತಿರುವುಗಳ ಆ ದಾರಿಯಲ್ಲಿ ಮಳೆಯೂ ಮಂಜೂ ಕೂಡಿಕೊಂಡು ಮುಂದಿನ ಹತ್ತು ಮಾರು ದೂರವೂ ಕಾಣುತ್ತಿರಲಿಲ್ಲ. ಸೋಮೇಶ್ವರ ದಾಟಿ, ಸೀತಾನದಿ ದಾಟಿ ಹೆಬ್ರಿಯನ್ನು ಮುಟ್ಟುವವರೆಗೆ ಬರಿಯ ಮಣ್ಣು ಎಂಬುದು ಕಣ್ಣಿಗೆ ಬೀಳಲಿಲ್ಲ. ಮುರಕಲ್ಲಿನ ಗೋಡೆಯ ಸಂದಿನಲ್ಲಿ ಹುಲ್ಲು, ಡಾಮರು ರಸ್ತೆಯ ಅಂಚಿನಲ್ಲಿ ಹುಲ್ಲು, ಹಳೆಯ ಮನೆಗಳ ಹಂಚಿನ ಮೇಲೆ ಕೂಡ ಹುಲ್ಲು. ಒಂದು ಹದ ಮಳೆಗಾಗಿ ಮುಗಿಲನ್ನೇ ನೋಡುತ್ತ ಕೂಡುವ ಬಯಲುಸೀಮೆಯವರು ನಾವು. ನಮಗೆ ಅದು ಕಣ್ಣಿಗೆ ಹಬ್ಬವಾಯಿತು.

ಇಂದು ನಿಮ್ಮ ಮುಂದೆ ಬೇರೊಂದು ವಿಷಯವನ್ನು ಹೇಳಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದೆವು. ಬೆಳಗ್ಗೆ ಅದು ಬದಲಾಯಿತು. ನಾವು ಬಿಡಾರ ಮಾಡಿರುವ ಮನೆಯ ಹಿರಿಯ ತಾಯಿ, ಮಳೆ ಸ್ವಲ್ಪ ಹೊಳವಾದ ಹೊತ್ತಿನಲ್ಲಿ, ಅಂಗಳದಲ್ಲಿ ಕುಳಿತು ಹುಲ್ಲು ಕೀಳುತ್ತಿದ್ದರು. ಕೈಗೆ ಬಂದದ್ದು ಎಲೆ. ಬುಡ ನೆಲದಲ್ಲಿಯೇ ಉಳಿಯುತ್ತಿತ್ತು. ನಮ್ಮನ್ನು ಕಂಡು ಎದ್ದು ನಿಂತು, "ಎಷ್ಟು ಕಿತ್ತರೂ ಮುಗಿಯುವುದಿಲ್ಲ ಸ್ವಾಮೀಜಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೀಳುತ್ತಾ ಇದ್ದೇನೆ. ಮಳೆಗಾಲ ಕಳೆದ ಮೇಲೆ ಅಂಗಳ ಕೆತ್ತಿ, ಪೆಟ್ಟಿ, ಸೆಗಣಿ ಸಾರಿಸಿದರೆ ಕಲ್ಲಿನ ಹಾಗೆ ಆಗುತ್ತದೆ. ಮತ್ತೆ ಮಳೆ ಬಿದ್ದು ಎಂಟು ದಿನ ಆಗುವುದರೊಳಗೆ ಇದು ಹಾಜರು. ಇದು ಎಲ್ಲಿಂದ ಬರುವುದು? ಇದಕ್ಕೆ ಎಂತ ಮಾಡುವುದು?" ಎಂದರು.

ಬಂಧುಗಳೇ, ಶಾಸ್ತ್ರ ಕೇಳುವವರಿಗೆ ಉತ್ತರ ಹೇಳುವುದು ಸುಲಭ. ಅಂಗಳದಲ್ಲಿ ಕುಳಿತವರು ಕೇಳಿದರೆ ಕಷ್ಟ. "ಸಂಜೆ ಹೇಳುತ್ತೇವೆ ತಾಯಿ" ಎಂದು ಮಾತು ಕೊಟ್ಟಿದ್ದೇವೆ. ಆ ತಾಯಿ ಇಲ್ಲಿ ಮುಂದೆಯೇ ಬಂದು ಕುಳಿತಿದ್ದಾರೆ. ಆದ್ದರಿಂದ ಇಂದಿನ ಮಾತು ಹುಲ್ಲಿನ ಮಾತು.

ಲೋಕದಲ್ಲಿ ಹುಲ್ಲು ಎಂದರೆ ಅಲ್ಪಕ್ಕೆ ಇನ್ನೊಂದು ಹೆಸರು. ಒಬ್ಬನನ್ನು ಹೀಗಳೆಯಬೇಕಾದರೆ ತೃಣಸಮಾನ ಎನ್ನುತ್ತೇವೆ. ಆದರೆ ವಿಚಾರ ಮಾಡಿ ನೋಡಿರಿ. ನೀವು ಉಣ್ಣುವ ಅಕ್ಕಿ ಹುಲ್ಲಿನ ಬೀಜ. ನಾವು ಉಣ್ಣುವ ಜೋಳ ಹುಲ್ಲಿನ ಬೀಜ. ರಾಗಿ, ಗೋಧಿ, ನವಣೆ, ಸಜ್ಜೆ ಇವೆಲ್ಲವೂ ಹುಲ್ಲಿನ ಕುಲವೇ. ಕಬ್ಬೂ ಹುಲ್ಲು, ಘಟ್ಟದಲ್ಲಿ ಆಕಾಶಕ್ಕೆ ಬೆಳೆದ ಬಿದಿರೂ ಹುಲ್ಲು. ಇನ್ನು ಹಾಲು, ಮೊಸರು, ತುಪ್ಪ ಎಂದರೆ ದನ ತಿಂದ ಹುಲ್ಲು ಬೇರೆ ರೂಪ ತಾಳಿದ್ದು. ಮೊನ್ನೆ ಮೊನ್ನೆಯವರೆಗೆ ಈ ಸೀಮೆಯ ಬಡವರ ಮನೆಗಳಿಗೆ ಸೂರಾಗಿದ್ದದ್ದು ಗುಡ್ಡದ ಮುಳಿಹುಲ್ಲು. ಹೀಗೆ ಹುಲ್ಲಿನಿಂದಲೇ ಉಂಡು, ಹುಲ್ಲಿನ ಕೆಳಗೆ ಮಲಗಿ, ಹುಲ್ಲನ್ನು ಅಲ್ಪವೆನ್ನುವುದು ನಮ್ಮ ರೀತಿ.

ನಾವು ಹುಡುಗರಾಗಿದ್ದಾಗ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ದೂರ್ವೆ ಎಂದರೆ ಗರಿಕೆಗೆ ಅನೇಕ ಹೆಸರುಗಳಿವೆ. ಶತಪರ್ವಿಕಾ ಎಂಬುದೊಂದು, ರುಹಾ ಎಂಬುದೊಂದು, ಅನಂತಾ ಎಂಬುದೊಂದು. ನಾವು ಗಿಳಿಯಂತೆ ಒಪ್ಪಿಸಿದೆವು. ಗುರುಗಳು ಕೇಳಿದರು: "ಶತಪರ್ವಿಕಾ ಎಂದರೇನು?" "ನೂರು ಗೆಣ್ಣುಳ್ಳದ್ದು" ಎಂದೆವು. "ಗೆಣ್ಣು ಎಲ್ಲಿವೆ, ತಂದು ತೋರಿಸು" ಎಂದರು. ನಾವು ಹಿತ್ತಲಿಗೆ ಓಡಿ ಒಂದು ಹಿಡಿ ಕಿತ್ತು ತಂದೆವು. ಗುರುಗಳು ಅದನ್ನು ನೋಡಿ, "ಇದು ಗರಿ. ನಾನು ಕೇಳಿದ್ದು ಗರಿಕೆ" ಎಂದರು. ಮತ್ತೆ ಹೋಗಿ ಒಂದು ಕಟ್ಟಿಗೆಯ ಚೂರಿನಿಂದ ನೆಲವನ್ನು ಕೆದಕಿ ಎಳೆದೆವು. ಒಂದು ಮೊಳದಷ್ಟು ಬಳ್ಳಿ ಬಂದಿತು, ಇಪ್ಪತ್ತರ ಮೇಲೆ ಗೆಣ್ಣು ಎಣಿಸಿದೆವು, ಅಷ್ಟರಲ್ಲಿ ಫಟ್ಟೆಂದು ಹರಿಯಿತು. ಉಳಿದದ್ದು ಮಣ್ಣಿನಲ್ಲಿ ಎಲ್ಲಿಗೋ ಹೋಗಿತ್ತು. ತಂದು ತೋರಿಸಿದೆವು. "ಉಳಿದದ್ದು ಎಲ್ಲಿ?" ಎಂದು ಕೇಳಿದರು. "ನೆಲದಲ್ಲಿದೆ, ಕೊನೆ ಸಿಗಲಿಲ್ಲ" ಎಂದೆವು. "ಹಾಗಾದರೆ ಅನಂತಾ ಎಂಬ ಹೆಸರಿನ ಅರ್ಥವೂ ಇಂದು ತಿಳಿಯಿತು, ಕುಳಿತುಕೋ" ಎಂದರು.

ಆ ಹೆಸರುಗಳನ್ನಿಟ್ಟವರು ನೆಲದ ಮೇಲೆ ನಿಂತು ಹೆಸರಿಡಲಿಲ್ಲ, ಅಗೆದು ನೋಡಿ ಇಟ್ಟರು. ಈಗ ನಾವೂ ಸ್ವಲ್ಪ ಅಗೆದು ನೋಡೋಣ.

ಗಿಡಮರಗಳು ಬೆಳೆಯುವುದು ತುದಿಯಲ್ಲಿ. ತೊಗರಿಯ ಕುಡಿಯನ್ನು ಚಿವುಟಿದರೆ ಆ ಕುಡಿ ಅಲ್ಲಿಗೆ ಮುಗಿಯಿತು. ಹುಲ್ಲಿನ ಎಲೆ ಹಾಗಲ್ಲ. ಅದರ ಎಲೆ ಬೆಳೆಯುವುದು ಬುಡದಿಂದ. ನಮ್ಮ ಉಗುರು ಹೇಗೆ ಬುಡದಿಂದ ಬೆಳೆದು ತುದಿಯ ಕಡೆಗೆ ತಳ್ಳಲ್ಪಡುತ್ತದೆಯೋ ಹಾಗೆ. ತುದಿಯನ್ನು ದನ ಕಚ್ಚಿದರೂ, ಕತ್ತಿಯಲ್ಲಿ ಕೊಯ್ದರೂ, ಬೆಳೆಯುವ ಜಾಗ ಕೆಳಗೆ ಮಣ್ಣಿಗೆ ಅಂಟಿಕೊಂಡು ಸುರಕ್ಷಿತವಾಗಿ ಇರುತ್ತದೆ. ಅದಕ್ಕಾಗಿಯೇ ದನ ಮೇಯ್ದ ಹುಲ್ಲು ಮತ್ತೆ ಮೇವಾಗುತ್ತದೆ.

ಇದು ಎಲ್ಲ ಹುಲ್ಲಿನ ಗುಣ. ಇನ್ನು ಗರಿಕೆಗೆ ವಿಶೇಷವಾದದ್ದೊಂದಿದೆ. ಅದರ ಕಾಂಡ ಮೇಲಕ್ಕೆ ಏಳುವುದಕ್ಕಿಂತ ಹೆಚ್ಚಾಗಿ ಅಡ್ಡಕ್ಕೆ ಓಡುತ್ತದೆ. ಒಂದು ಬಳ್ಳಿ ನೆಲದ ಮೇಲೆ ಹರಿಯುತ್ತದೆ, ಇನ್ನೊಂದು ನೆಲದ ಒಳಗೆ ಹರಿಯುತ್ತದೆ. ಮೇಲಿನದು ಹಸುರು, ಒಳಗಿನದು ಬಿಳುಪು, ತುದಿ ಸೂಜಿಯಂತೆ ಚೂಪು. ಒಳಗಣ ಬಳ್ಳಿಯನ್ನು ಜನ ಬೇರು ಎನ್ನುತ್ತಾರೆ. ಅದು ಬೇರಲ್ಲ, ಮಣ್ಣಿನಲ್ಲಿ ನಡೆಯುವ ಕಾಂಡ. ಬೇರಿಗೆ ಗೆಣ್ಣಿಲ್ಲ, ಇದಕ್ಕೆ ಗೆಣ್ಣುಂಟು. ಪ್ರತಿಯೊಂದು ಗೆಣ್ಣಿನಲ್ಲಿಯೂ ಒಂದು ಮೊಗ್ಗು ಮಲಗಿರುತ್ತದೆ. ಕೆಳಕ್ಕೆ ಬೇರು ಬಿಡುವ ಶಕ್ತಿಯೂ ಅಲ್ಲೇ ಇದೆ, ಮೇಲಕ್ಕೆ ಚಿಗುರು ಕಳಿಸುವ ಶಕ್ತಿಯೂ ಅಲ್ಲೇ ಇದೆ. ಮೇಲಿನ ಬಳ್ಳಿಯ ಮೇಲೆ ಮಣ್ಣು ಬಿದ್ದು ಮುಚ್ಚಿದರೆ ಅದೇ ಒಳಗಣ ಬಳ್ಳಿಯಾಗುತ್ತದೆ. ಒಳಗಣ ಬಳ್ಳಿಯ ತುದಿ ಬೆಳಕು ಕಂಡರೆ ಅದೇ ಹಸುರಾಗಿ ಎಲೆ ಬಿಡುತ್ತದೆ.

ಈ ಒಳಗಣ ಬಳ್ಳಿ ಸಾಮಾನ್ಯವಾಗಿ ಅರ್ಧ ಅಡಿಯ ಆಳದೊಳಗೆ ಹರಿದಾಡುತ್ತದೆ, ನೆಲ ಸಡಿಲಾಗಿದ್ದರೆ ಅಡಿಗೂ ಮೀರಿ ಇಳಿಯುತ್ತದೆ. ಅದರಿಂದ ಇಳಿದ ಬೇರುಗಳು ಮೂರಡಿಗೂ ಮಿಕ್ಕು ಹೋಗುತ್ತವೆ. ಎಲೆಗಳು ಬಿಸಿಲಿನಲ್ಲಿ ಅಡಿಗೆ ಮಾಡಿದ ಆಹಾರವನ್ನೆಲ್ಲ ಈ ಗೆಣ್ಣುಗಳ ನಡುವೆ ಕೂಡಿಡುತ್ತದೆ. ನಿಮ್ಮ ಹಿರಿಯರು ಆಟಿ ತಿಂಗಳಿಗೆಂದು ಹಲಸಿನ ಹಪ್ಪಳ, ಉಪ್ಪಿನಲ್ಲಿಟ್ಟ ಸೊಳೆ ಕೂಡಿಡುತ್ತಿದ್ದರಲ್ಲ, ಅದೇ ರೀತಿ. ಬೇಸಗೆ ಬಂದಾಗ ಮೇಲಿನದೆಲ್ಲ ಒಣಗಿ ಸತ್ತಂತೆ ಕಾಣುತ್ತದೆ. ಒಳಗೆ ಗೆಣ್ಣು ಕಣ್ಣು ಮುಚ್ಚಿ ಕುಳಿತಿರುತ್ತದೆ. ಮಳೆಯ ನೀರು ಇಳಿದೊಡನೆ ಕೂಡಿಟ್ಟದ್ದನ್ನುಂಡು ಎದ್ದು ಬರುತ್ತದೆ.

ತಾಯಿ, ನಿಮ್ಮ ಮೊದಲನೆಯ ಪ್ರಶ್ನೆಗೆ ಇದು ಉತ್ತರ. ಅದು ಎಲ್ಲಿಂದಲೋ ಬರುವುದಲ್ಲ. ಅದು ಹೋಗಿರಲೇ ಇಲ್ಲ.

ಜೇಕು ಎಂಬುದೊಂದಿದೆ. ತುಂಗೆಗಡ್ಡೆ, ಕೊನ್ನಾರಿಗಡ್ಡೆ, ಭದ್ರಮುಷ್ಟಿ ಎಂದೆಲ್ಲ ಕರೆಯುತ್ತಾರೆ. ಅದು ಹುಲ್ಲಿನಂತೆ ಕಂಡರೂ ಹುಲ್ಲಿನ ಕುಲದ್ದಲ್ಲ. ಅದರ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ತಿಳಿಯುತ್ತದೆ. ಅದು ನೆಲದೊಳಗೆ ಗಡ್ಡೆಗಳನ್ನು ಜಪಮಣಿಯಂತೆ ದಾರದಲ್ಲಿ ಪೋಣಿಸಿಡುತ್ತದೆ. ಸರ ಇಡಿಯಾಗಿರುವವರೆಗೆ ತುದಿಯ ಗಡ್ಡೆ ಮಾತ್ರ ಚಿಗುರುತ್ತದೆ, ಉಳಿದವು ಮಲಗಿರುತ್ತವೆ. ಎಳೆದಾಗ ದಾರ ಹರಿಯಿತೋ, ಮಲಗಿದ್ದ ಗಡ್ಡೆಗಳೂ ಏಳುತ್ತವೆ. ಹೋಲ್ಮ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಲೋಕದ ಅತಿ ಕೆಟ್ಟ ಕಳೆಗಳನ್ನು ಸಾಲಾಗಿ ಎಣಿಸಿದ್ದಾರೆ. ಮೊದಲನೆಯ ಸ್ಥಾನ ಈ ಜೇಕಿಗೆ, ಎರಡನೆಯ ಸ್ಥಾನ ಗರಿಕೆಗೆ. ಅಮೆರಿಕದವರು ಗರಿಕೆಯನ್ನು ಬರ್ಮುಡಾ ಹುಲ್ಲು ಎನ್ನುತ್ತಾರೆ. ಆದರೆ ಅದು ಬರ್ಮುಡಾ ದ್ವೀಪದಲ್ಲಿ ಹುಟ್ಟಿದ್ದಲ್ಲ, ಹಳೆಯ ಖಂಡಗಳಿಂದ ಅತ್ತ ಹೋಗಿ ಹಬ್ಬಿದ್ದು. ಲೋಕ ಎರಡನೆಯ ಶತ್ರುವೆಂದು ಎಣಿಸಿದ್ದನ್ನೇ ನಮ್ಮ ಜನ ಚೌತಿಯ ದಿವಸ ಹುಡುಕಿ ತಂದು ದೇವರ ಮುಡಿಗೇರಿಸುತ್ತಾರೆ. ಅದೇ ಗೆಣ್ಣು, ಅದೇ ಬಳ್ಳಿ. ಹೊಲದಲ್ಲಿದ್ದರೆ ಕಳೆ, ದೇವರ ಮುಡಿಯಲ್ಲಿದ್ದರೆ ದೂರ್ವೆ.

ಈಗ ನಮ್ಮ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಪೀಠದ ಮೇಲೆ ಕುಳಿತವರ ತಪ್ಪನ್ನು ಇನ್ನೊಬ್ಬರು ಹೇಳುವುದಿಲ್ಲ. ಆದ್ದರಿಂದ ಅವರೇ ಹೇಳಿಕೊಳ್ಳಬೇಕಾಗುತ್ತದೆ.

ನಮ್ಮ ಮಠಕ್ಕೆ ಸ್ವಲ್ಪ ಎರೆಹೊಲವಿದೆ. ದಾಸೋಹಕ್ಕೆ ಬೇಕಾದ ಜೋಳ ಅಲ್ಲಿ ಬೆಳೆಯುತ್ತದೆ. ಒಂದು ವರ್ಷ ಆ ಹೊಲದ ಮೂಲೆಯಲ್ಲಿ ನಾಲ್ಕು ಕಂಬಳಿ ಹಾಸಿದಷ್ಟು ಜಾಗದಲ್ಲಿ ಕರಕಿ ಬಿದ್ದಿತು. ನೀವು ಗರಿಕೆ ಎನ್ನುವುದನ್ನು ನಮ್ಮ ಕಡೆ ಕರಕಿ ಎನ್ನುತ್ತಾರೆ. ಹೊಲ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬಂದು, ಬೇಸಗೆಯಲ್ಲಿ ಆಳು ಹಚ್ಚಿ ಅಗೆಸಿ ತೆಗೆಯೋಣ, ಒಂದು ವಾರದ ಕೆಲಸ ಎಂದರು. ಅದೇ ಸಮಯಕ್ಕೆ ಭಕ್ತರೊಬ್ಬರು ಹೊಸ ಟ್ರ್ಯಾಕ್ಟರಿಗೆ ರೋಟವೇಟರ್ ಕಟ್ಟಿಸಿಕೊಂಡು ಬಂದು, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಪುಡಿ ಮಾಡಿ ಕೊಡುತ್ತೇನೆಂದರು. ನಮಗೆ ಅರ್ಧ ಗಂಟೆಯ ಮಾತು ಹಿತವಾಯಿತು. ಆ ಹಿರಿಯರು ಗಾಲಿಯ ಮುಂದೆ ಬಂದು ನಿಂತರು. "ಬ್ಯಾಡ್ರಿ ಅಪ್ಪಾರ, ಕರಕಿಗೆ ಗಾಲಿ ಹಾಕಬ್ಯಾಡ್ರಿ. ತುಂಡ ಆದಷ್ಟು ಹಬ್ಬತೈತಿ" ಎಂದರು. ನಾಲ್ಕು ಜನರ ಮುಂದೆ ನಮ್ಮ ಮಾತಿಗೆ ಅಡ್ಡ ಬಂದರೆಂದು ನಮಗೆ ಸಿಟ್ಟು ಬಂದಿತು. "ನಿನಗೆ ವಾರದ ಕೂಲಿ ತಪ್ಪುತ್ತದೆಂದು ಹೀಗೆ ಹೇಳುತ್ತೀಯಾ?" ಎಂದುಬಿಟ್ಟೆವು. ಅವರು ಒಂದು ಮಾತೂ ಆಡದೆ ದಾರಿ ಬಿಟ್ಟು ಸರಿದು ನಿಂತರು.

ಅರ್ಧ ಗಂಟೆಯಲ್ಲಿ ಹೊಲ ಹಿಟ್ಟಿನಂತಾಯಿತು. ಒಂದೆಳೆ ಹಸುರು ಕಾಣಲಿಲ್ಲ. ನೋಡಿ ಸಂತೋಷಪಟ್ಟೆವು. ಮುಂಗಾರು ಬಿದ್ದು ಇಪ್ಪತ್ತು ದಿನವಾಗುವುದರೊಳಗೆ ನಾಲ್ಕು ಕಂಬಳಿಯಷ್ಟಿದ್ದ ಕರಕಿ ಎರಡು ಎಕರೆಯಲ್ಲಿ ಎದ್ದು ನಿಂತಿತು. ಆಗದೆ ಏನು? ಒಂದು ಬಳ್ಳಿಯನ್ನು ನೂರು ತುಂಡು ಮಾಡಿ, ಒಂದೊಂದು ತುಂಡಿನಲ್ಲಿ ಒಂದೊಂದು ಗೆಣ್ಣು ಉಳಿಸಿ, ಹದವಾದ ಮಣ್ಣಿನಲ್ಲಿ ಹೊಲದ ತುಂಬ ಬಿತ್ತಿದವರು ನಾವೇ. ಕಬ್ಬು ನೆಡುವವರು ಮಾಡುವುದೂ ಅದನ್ನೇ ಅಲ್ಲವೇ? ಗೆಣ್ಣಿರುವ ತುಂಡು ಮಾಡಿ ನೆಡುತ್ತಾರೆ. ಅವರು ಕಬ್ಬಿಗೆ ಮಾಡಿದ್ದನ್ನು ನಾವು ಕಳೆಗೆ ಮಾಡಿದೆವು.

ಆ ವರ್ಷ ಜೋಳ ಕೈಗೆ ಹತ್ತಲಿಲ್ಲ. ದಾಸೋಹಕ್ಕೆ ಕೊಂಡು ತಂದೆವು. ಆದರೆ ಜೋಳದ ನಷ್ಟಕ್ಕಿಂತ ನಾವು ಆಡಿದ ಮಾತು ದೊಡ್ಡದು. ಮೂವತ್ತು ವರ್ಷ ಮಠದ ಹೊಲವನ್ನು ತಮ್ಮದೆಂದು ಕಾದವರಿಗೆ ಕೂಲಿಯ ಆಸೆ ಎಂದೆವು. ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತು, "ನಮ್ಮಿಂದ ತಪ್ಪಾಯಿತು" ಎಂದೆವು. ಅವರು ಗಾಬರಿಯಾಗಿ ಎದ್ದರು. "ಅಷ್ಟು ದೊಡ್ಡ ಮಾತ್ಯಾಕ್ರಿ ಅಪ್ಪಾರ. ಬ್ಯಾಸಗಿ ಬರಲಿ, ಅಗಿಯೂಣು" ಎಂದರು.

ಬೇಸಗೆ ಬಂದಿತು. ಅವರು ಮಾಡಿಸಿದ ರೀತಿಯನ್ನು ಕೇಳಿರಿ. ಮೊದಲು ಎರೆ ಬಿರಿಯುವವರೆಗೆ ಕಾದರು. ಬಿರುಕಿನಲ್ಲಿ ಗುದ್ದಲಿ ಹಾಕಿ ಹೆಂಟೆ ಹೆಂಟೆಯಾಗಿ ಎಬ್ಬಿಸಿದರು. ಒಂದು ಹೆಂಟೆಯನ್ನೂ ಪುಡಿ ಮಾಡಲು ಬಿಡಲಿಲ್ಲ. ಹೆಂಟೆಯೊಳಗಿನ ಬಳ್ಳಿ ಇಡಿಯಾಗಿ ಬಿಸಿಲಿಗೆ ಒಣಗಬೇಕು. ಎರಡು ವಾರ ಕಳೆದ ಮೇಲೆ ಹೆಂಟೆ ತಟ್ಟಿ ಬಳ್ಳಿಯನ್ನು ಕೈಯಿಂದ ಆರಿಸಿ, ಗುಡ್ಡೆ ಹಾಕಿಸಿ ಸುಟ್ಟರು. ಮಳೆ ಬಿದ್ದ ಮೇಲೆ ಉಳಿದ ಗೆಣ್ಣುಗಳು ಚಿಗುರಿದವು. ಚಿಗುರು ಕಂಡಲ್ಲೆಲ್ಲ ಬುಡಕ್ಕೆ ಕೈ ಹಾಕಿ ತೆಗೆಸಿದರು, ಅದು ಎಲೆ ಬಿಟ್ಟು ಒಳಗೆ ಮತ್ತೆ ಕೂಡಿಡುವುದಕ್ಕೆ ಅವಕಾಶ ಕೊಡಲಿಲ್ಲ. ಆಮೇಲೆ ಒತ್ತಾಗಿ ಸೆಣಬು ಬಿತ್ತಿಸಿದರು. ಗರಿಕೆ ಬರವನ್ನು ಸಹಿಸುತ್ತದೆ, ತುಳಿತವನ್ನು ಸಹಿಸುತ್ತದೆ, ಆದರೆ ನೆರಳನ್ನು ಸಹಿಸುವುದಿಲ್ಲ. ನಿಮ್ಮ ಅಡಿಕೆ ತೋಟದ ದಟ್ಟ ನೆರಳಿನಲ್ಲಿ ಅದು ಸೊರಗುವುದನ್ನು ನೀವೇ ನೋಡಿದ್ದೀರಿ. ಹೀಗೆ ಎರಡು ಬೇಸಗೆ ಹಿಡಿಯಿತು. ಹೊಲ ಮತ್ತೆ ಹೊಲವಾಯಿತು. ಕಡೆಯ ದಿವಸ ಆ ಹಿರಿಯರು ಹೇಳಿದ ಮಾತನ್ನು ನಾವು ಮರೆತಿಲ್ಲ. "ಕರಕಿ ಸಿಟ್ಟಿಗೆ ಸೋಲೂದಿಲ್ಲರಿ ಅಪ್ಪಾರ, ಪುರಸೊತ್ತಿಗೆ ಸೋಲತೈತಿ" ಎಂದರು. ಅವರು ಈಗಿಲ್ಲ. ನಾವು ಓದಿದ ಯಾವ ತರ್ಕಗ್ರಂಥದಲ್ಲಿಯೂ ನಮಗೆ ಈ ಮಾತು ಸಿಕ್ಕಿರಲಿಲ್ಲ.

ಔಷಧಿ ಹೊಡೆದರಾಗದೇ ಎಂದು ಕೆಲವು ಯುವಕರು ಕೇಳಬಹುದು. ಎಲೆಯ ಮೇಲೆ ಬಿದ್ದದ್ದು ಒಳಗಣ ಬಳ್ಳಿಯವರೆಗೆ ಇಳಿದು ಕೊಲ್ಲುವ ಕಳೆನಾಶಕಗಳು ಬಂದಿರುವುದು ನಿಜ. ಆದರೆ ಅವು ಗರಿಕೆಯೊಂದನ್ನೇ ಆರಿಸಿ ಕೊಲ್ಲುವಂಥವಲ್ಲ, ಅವುಗಳಲ್ಲಿ ಕೆಲವು ಎದುರಿಗೆ ಸಿಕ್ಕ ಹಸುರನ್ನೆಲ್ಲ ಕೊಲ್ಲುತ್ತವೆ. ಮಳೆ ಸುರಿಯುವ ಈ ಸೀಮೆಯಲ್ಲಿ, ಬಾವಿಯ ಪಕ್ಕದ ಅಂಗಳದಲ್ಲಿ, ಅದನ್ನು ಸುರಿಯುವ ಮೊದಲು ಹತ್ತು ಸಲ ಯೋಚಿಸಬೇಕು.

ಇಷ್ಟು ಹೊತ್ತು ಗರಿಕೆಯನ್ನು ಕಳೆಯೆಂದು ಹೇಳಿದೆವು. ಈಗ ಅದರ ಇನ್ನೊಂದು ಮುಖವನ್ನು ನೋಡಬೇಕು. ನಾವು ಬದು ಎನ್ನುವುದನ್ನು ನೀವು ಹುಣಿ ಎನ್ನುತ್ತೀರಿ. ಗದ್ದೆಗೂ ಗದ್ದೆಗೂ ನಡುವೆ ಇರತಕ್ಕ ಆ ಹುಣಿಯನ್ನು ಹಿಡಿದು ನಿಲ್ಲಿಸಿರುವುದು ಯಾವುದು? ಬರಿಯ ಮಣ್ಣು ನಿಮ್ಮ ಮಳೆಗೆ ಒಂದು ವಾರವೂ ನಿಲ್ಲಲಾರದು. ಹುಣಿಯ ಮೇಲೆ ಹೆಣೆದುಕೊಂಡ ಹುಲ್ಲು ಮಣ್ಣನ್ನು ಹೊಲಿದು ಇಟ್ಟಿದೆ. ಮೇಲೆ ಬಿದ್ದ ಮಳೆಯ ಪೆಟ್ಟನ್ನು ಎಲೆ ತಡೆಯುತ್ತದೆ, ಹರಿಯುವ ನೀರಿನ ವೇಗವನ್ನು ಬಳ್ಳಿ ಮುರಿಯುತ್ತದೆ, ಸಡಿಲಾದ ಮಣ್ಣನ್ನು ಬೇರು ಕಟ್ಟುತ್ತದೆ. ಗದ್ದೆಯೊಳಗೆ ಕಳೆಯಾಗಿ ಕಾಡಿದ ಗುಣವೇ ಹುಣಿಯ ಮೇಲೆ ಕಾವಲಾಗುತ್ತದೆ.

ಲಾವಂಚದ ಸ್ವಭಾವ ಇನ್ನೊಂದು ಬಗೆ. ಗರಿಕೆ ಅಡ್ಡಕ್ಕೆ ಓಡಿದರೆ ಲಾವಂಚ ನೇರ ಕೆಳಗೆ ಇಳಿಯುತ್ತದೆ, ಹತ್ತು ಅಡಿಯವರೆಗೂ ಇಳಿಯುತ್ತದೆ. ನಮ್ಮ ದಕ್ಷಿಣದೇಶದಲ್ಲಿ ನೆಡುವ ಲಾವಂಚ ಬೀಜದಿಂದ ಹಬ್ಬುವುದಿಲ್ಲ, ಎಲ್ಲಿ ನೆಟ್ಟರೆ ಅಲ್ಲೇ ನಿಲ್ಲುತ್ತದೆ. ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಲಾವಂಚವನ್ನು ಸಾಲಾಗಿ ನೆಡುತ್ತ ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಮಣ್ಣಿನ ಸವಕಳಿ ತಡೆಯಲು ಲಾವಂಚದ ಸಾಲನ್ನು ನಮ್ಮ ದೇಶದಲ್ಲಿ ಎತ್ತಿ ಹಿಡಿದರು, ಆ ಮೇಲೆ ಅದು ಅನೇಕ ದೇಶಗಳಿಗೆ ಹೋಯಿತು. ಕಲ್ಲು ನೆಟ್ಟರೆ ರಾತ್ರಿ ಸರಿಸಬಹುದು. ಹತ್ತು ಅಡಿ ಇಳಿದ ಲಾವಂಚದ ಸಾಲನ್ನು ರಾತ್ರಿ ಸರಿಸುವುದು ಸಾಧ್ಯವಿಲ್ಲ.

ಇನ್ನೂ ಮೇಲೆ ನೋಡಿರಿ. ಕುದುರೆಮುಖದ ಬೆಟ್ಟಗಳ ನೆತ್ತಿಯಲ್ಲಿ ಮರವಿಲ್ಲ, ಹುಲ್ಲೇ ಹುಲ್ಲು. ನೋಡಿದವರು ಬೋಳುಗುಡ್ಡ ಎನ್ನುತ್ತಾರೆ. ಮಡಿಲಿನಲ್ಲಿ ಕಾಡು, ನೆತ್ತಿಯಲ್ಲಿ ಹುಲ್ಲು, ಇವೆರಡೂ ಕೂಡಿ ಮಳೆಯ ನೀರನ್ನು ಹಿಡಿದು ನಿಧಾನವಾಗಿ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಆ ಸೀಮೆಯಲ್ಲಿಯೇ. ಹಾಗೆಂದು ಹುಲ್ಲಿನ ಮೇಲೆ ಎಲ್ಲ ಭಾರವನ್ನೂ ಹೊರಿಸಬಾರದು. 2024ನೆಯ ಇಸವಿಯ ಜುಲೈ ತಿಂಗಳಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತದ್ದನ್ನು ನೀವೆಲ್ಲ ಕೇಳಿ ಮರುಗಿದ್ದೀರಿ. ಬುಡವನ್ನು ಕಡಿದ ಗುಡ್ಡವನ್ನು ನೆತ್ತಿಯ ಹುಲ್ಲು ಹಿಡಿಯಲಾರದು. ಹುಲ್ಲು ಹಿಡಿಯುವುದು ಮೇಲ್ಮಣ್ಣನ್ನು. ಬುಡವನ್ನು ಉಳಿಸಿಕೊಳ್ಳುವುದು ಮನುಷ್ಯರ ಕೆಲಸ.

ಬಂಧುಗಳೇ, ಇನ್ನೊಂದು ಸಂಗತಿಯನ್ನು ಹೇಳಿ ಮಾತು ಮುಗಿಸುತ್ತೇವೆ. ಹೆಸರು ಬೇಡ, ಮನೆತನ ಬೇಡ. ಇಂಥವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಕೇಳಿದವರೆಲ್ಲರೂ ಇದು ನಮ್ಮ ಮನೆಯ ಮಾತೆಂದುಕೊಂಡರೆ ತಪ್ಪೇನಿಲ್ಲ.

ಅಣ್ಣತಮ್ಮಂದಿರಿಬ್ಬರು. ತಂದೆಯ ಗದ್ದೆ ಎರಡು ಪಾಲಾಗಿ ನಡುವೆ ಒಂದು ಹುಣಿ ಬಂದಿತು. ಪ್ರತಿ ವರ್ಷ ನಾಟಿಗೆ ಮೊದಲು ಹುಣಿಯ ಹುಲ್ಲು ಕೆತ್ತುವಾಗ ಅಣ್ಣ ತನ್ನ ಕಡೆಯಿಂದ ಎರಡು ಬೆರಳು ಹೆಚ್ಚು ಕೆತ್ತಿದ. ಅದನ್ನು ಕಂಡು ತಮ್ಮ ತನ್ನ ಕಡೆಯಿಂದ ಎರಡು ಬೆರಳು ಹೆಚ್ಚು ಕೆತ್ತಿದ. ಅಳತೆಯಾಯಿತು, ವಕೀಲರಾದರು, ಕೋರ್ಟಾಯಿತು, ತೀರ್ಪೂ ಬಂದಿತು. ತೀರ್ಪು ಬಂದ ಮೇಲೆಯೂ ಕೆತ್ತುವುದು ನಿಲ್ಲಲಿಲ್ಲ. ಒಬ್ಬರು ನಡೆದಾಡುವಷ್ಟು ಅಗಲವಿದ್ದ ಹುಣಿ ಕಡೆಗೆ ಒಂದು ಗೇಣಾಯಿತು, ಹುಲ್ಲು ಎಂಬುದು ಅದರ ಮೇಲೆ ಉಳಿಯಲಿಲ್ಲ. ಈ ವರ್ಷ ಮಳೆಯ ಒಂದು ರಾತ್ರಿ ಮೇಲಿನ ಗದ್ದೆಯ ನೀರು ಆ ಹುಣಿಯನ್ನು ಒಡೆದುಕೊಂಡು ಹೋಯಿತು. ಮೇಲಿನವನ ಗೊಬ್ಬರ ಹೋಯಿತು, ಕೆಳಗಿನವನ ನೇಜಿ ಹೂಳಿನಲ್ಲಿ ಮುಚ್ಚಿತು. ಗೆದ್ದವರು ಯಾರು?

ಇಬ್ಬರೂ ಬೇರೆ ಬೇರೆಯಾಗಿ ನಮ್ಮಲ್ಲಿಗೆ ಬಂದರು. ಒಬ್ಬರು ಬಂದದ್ದು ಇನ್ನೊಬ್ಬರಿಗೆ ತಿಳಿಯದು. ಹುಣಿಯ ಅಳತೆಯನ್ನೆಲ್ಲ ಕೇಳಿದ ಮೇಲೆ ನಾವು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆವು. "ಇದು ಶುರುವಾದದ್ದು ಯಾವ ದಿನ?" ಇಬ್ಬರೂ ಹುಣಿ ಕೆತ್ತಿದ ದಿನವನ್ನು ಹೇಳಲಿಲ್ಲ. ಇಬ್ಬರೂ ಹೇಳಿದ್ದು ತಂದೆ ಹಾಸಿಗೆ ಹಿಡಿದಿದ್ದ ಕಾಲದ ಒಂದು ದಿನವನ್ನು. ಆ ದಿನ ಆಸ್ಪತ್ರೆಯ ಜಗುಲಿಯಲ್ಲಿ ಒಬ್ಬ, "ನೀನು ಅಪ್ಪಯ್ಯನನ್ನು ನೋಡಿಕೊಂಡದ್ದು ಗೊತ್ತುಂಟು" ಎಂದನಂತೆ. ಇನ್ನೊಬ್ಬ, "ನೀನು ನೋಡಿಕೊಂಡದ್ದು ಅಪ್ಪಯ್ಯನನ್ನಲ್ಲ, ಜಾಗವನ್ನು" ಎಂದನಂತೆ. ಅಷ್ಟೇ ಮಾತು. ಇಪ್ಪತ್ತು ವರ್ಷವಾಗಿದೆ. ಅದು ಮಣ್ಣಿನೊಳಗೆ ಇಳಿದು, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ಮದುವೆಯ ಚಪ್ಪರದಲ್ಲಿ ಎದ್ದಿತು, ದೈವದ ಕೋಲದಲ್ಲಿ ಎದ್ದಿತು, ಮಕ್ಕಳ ಮಾತಿನಲ್ಲಿ ಎದ್ದಿತು, ಕಡೆಗೆ ಹುಣಿಯಲ್ಲಿ ಎದ್ದಿತು. ಕೋರ್ಟು ಎಲೆಯನ್ನು ಕತ್ತರಿಸಿತು. ಅದರಲ್ಲಿ ಕೋರ್ಟಿನ ತಪ್ಪಿಲ್ಲ, ಅದರ ಕತ್ತಿಗೆ ಸಿಗುವುದು ಎಲೆ ಮಾತ್ರ. ಊರಿನ ನಾಲ್ಕು ಜನ ಮಧ್ಯೆ ಬಂದು ಜೋರು ಮಾಡಿದರು. ಅದು ರೋಟವೇಟರಿನ ಕೆಲಸ. ಇಬ್ಬರ ಜಗಳ ನಾಲ್ಕು ಮನೆಯ ಜಗಳವಾಯಿತು.

ನಾವು ಆ ಇಬ್ಬರಿಗೂ ಹೇಳಿದ್ದು ಇಷ್ಟೇ. ಇನ್ನು ಅಳೆಯುವುದು ಸಾಕು. ಅಗೆಯಿರಿ. ಆ ದಿನದ ಮಾತನ್ನು ಇಬ್ಬರೂ ಎದುರುಬದುರು ಕುಳಿತು ಇ‌ಡಿಯಾಗಿ ಮೇಲಕ್ಕೆ ತೆಗೆಯಿರಿ. ತುಂಡು ಮಾಡಿ ಅವರಿವರ ಬಾಯಲ್ಲಿ ಕಳಿಸಬೇಡಿರಿ. ಬಿಸಿಲಿಗೆ ಇಡಿರಿ. ಒಂದೇ ದಿನಕ್ಕೆ ಒಣಗಲಿಕ್ಕಿಲ್ಲ. ಮತ್ತೆ ಚಿಗುರುತ್ತದೆ, ಚಿಗುರಿದಾಗ ಸಣ್ಣದಿರುವಾಗಲೇ ಮತ್ತೆ ಕುಳಿತು ತೆಗೆಯಿರಿ. ಆ ಮೇಲೆ ಆ ಜಾಗವನ್ನು ಬರಿದಾಗಿ ಬಿಡಬೇಡಿರಿ. ಬರಿದಾದ ನೆಲಕ್ಕೆ ಮೊದಲು ಬರುವುದು ಕಳೆಯೇ. ಅಲ್ಲಿ ಒಟ್ಟಿಗೆ ಮಾಡುವ ಒಂದು ಕೆಲಸವನ್ನು ಒತ್ತಾಗಿ ಬಿತ್ತಿರಿ. ಸದ್ಯಕ್ಕೆ ಮಾಡುವ ಕೆಲಸ ಕಣ್ಣ ಮುಂದೆಯೇ ಇದೆ, ಒಡೆದ ಹುಣಿ. ಇಬ್ಬರೂ ಸೇರಿ ಮಣ್ಣು ಹಾಕಿರಿ, ನಡುವೆ ಲಾವಂಚದ ಸಾಲು ನೆಡಿರಿ, ಎರಡು ಬದಿಗೂ ಗರಿಕೆಯ ಹೆಂಟೆ ಹಚ್ಚಿರಿ. ಈ ಮಳೆಯಲ್ಲಿ ಅದು ಹಿಡಿದುಕೊಳ್ಳುತ್ತದೆ. ಜಗಳವನ್ನು ಹಬ್ಬಿಸಿದ ರೀತಿಯಲ್ಲೇ ಹುಲ್ಲು ಹಬ್ಬಿ ನಿಮ್ಮ ಮಣ್ಣನ್ನು ಕಾಯುತ್ತದೆ.

ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಕೈಮುಗಿದು ಹೋದರು. ನಾವು ಒತ್ತಾಯ ಮಾಡಲಿಲ್ಲ. ಸಿಟ್ಟಿಗೆ ಸೋಲದ್ದು ನಮ್ಮ ಒತ್ತಾಯಕ್ಕೂ ಸೋಲುವುದಿಲ್ಲ.

ತಾಯಿ, ನಿಮ್ಮ ಎರಡನೆಯ ಪ್ರಶ್ನೆ ಉಳಿಯಿತು. ಇದಕ್ಕೆ ಏನು ಮಾಡುವುದು ಎಂದಿರಿ. ಈಗ ಕೀಳಬೇಡಿರಿ. ಮಳೆಯಲ್ಲಿ ಎಲೆ ಮಾತ್ರ ಹರಿಯುತ್ತದೆ, ಶ್ರಮ ವ್ಯರ್ಥ. ಮಳೆಗಾಲ ಕಳೆದು ಅಂಗಳ ಮಾಡುವ ಹೊತ್ತಿಗೆ, ಕೆತ್ತುವ ಬದಲು ನಡೆದಾಡುವ ಜಾಗವನ್ನು ಒಂದು ಗೇಣು ಅಗೆಸಿ, ಬಳ್ಳಿಯನ್ನು ಕೈಯಲ್ಲಿ ಆರಿಸಿ ಒಣಗಿಸಿರಿ. ಎರಡು ವರ್ಷ ಬಿಡದೆ ಮಾಡಿದರೆ ಕಡಮೆಯಾಗುತ್ತದೆ. ಆದರೆ ಅಂಗಳದ ಇಳಿಜಾರಿನ ಅಂಚಿನಲ್ಲಿ, ತೋಡಿನ ಕಡೆಗೆ, ಒಂದು ಮೊಳ ಅಗಲ ಅದನ್ನು ಹಾಗೆಯೇ ಬಿಡಿರಿ. ಇಷ್ಟು ವರ್ಷ ನಿಮ್ಮ ಅಂಗಳದ ಮಣ್ಣು ತೋಡಿಗೆ ಹೋಗದೆ ಉಳಿದಿರುವುದರಲ್ಲಿ ಅದರ ಪಾಲೂ ಇದೆ. ಚೌತಿಯ ದಿವಸ ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ.

ಮಕ್ಕಳೇ, ನೀವು ಮನೆಗೆ ಹೋದ ಮೇಲೆ ಒಂದು ಗರಿಕೆಯ ಬಳ್ಳಿಯನ್ನು ನಿಧಾನವಾಗಿ ಅಗೆದು ತೆಗೆದು ಗೆಣ್ಣು ಎಣಿಸಿರಿ. ಹರಿಯದಂತೆ ತೆಗೆಯುವುದು ಎಷ್ಟು ಕಷ್ಟ ಎಂಬುದು ನಿಮ್ಮ ಕೈಗೆ ತಿಳಿಯಲಿ.

ನಾಳೆ ಬೆಳಗ್ಗೆ ನಾವು ಘಟ್ಟ ಹತ್ತುವುದಕ್ಕೆ ಮೊದಲು ಆ ಒಡೆದ ಹುಣಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಜಾಗ ಯಾವುದೆಂದು ಬರಬೇಕಾದ ಇಬ್ಬರಿಗೆ ಗೊತ್ತಿದೆ. ಉಳಿದವರು ಬರುವುದು ಬೇಡ. ಹಾರೆ ಬುಟ್ಟಿಗಳನ್ನು ನಮ್ಮ ಜೊತೆಯ ಹುಡುಗರು ತರುತ್ತಾರೆ. ಇಬ್ಬರೂ ಬಂದರೆ ಒಳ್ಳೆಯದು. ಒಬ್ಬರು ಬಂದರೆ ನಾವು ಆ ಒಬ್ಬರೊಡನೆ ಮಣ್ಣು ಹಾಕುತ್ತೇವೆ. ಯಾರೂ ಬಾರದಿದ್ದರೆ ಒಂದು ಬುಟ್ಟಿ ಮಣ್ಣು, ಒಂದು ಹೆಂಟೆ ಗರಿಕೆ ಇಟ್ಟು ಹೊರಡುತ್ತೇವೆ. ಒಂದು ಗೆಣ್ಣು ಹಿಡಿದರೆ ಸಾಕು. ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ನಿಮ್ಮೆಲ್ಲರಿಗೂ ಶುಭವಾಗಲಿ. ನಿಮ್ಮ ಗದ್ದೆಗಳ ಹುಣಿಗಳು ಗಟ್ಟಿಯಾಗಿ ನಿಲ್ಲಲಿ.